ದೇವದೂತರ ಪಾಲು

ತೆಕ್ಕಟ್ಟೆ ಭಾವನಿಗೆ ಡಬ್ಲಿನ್ನಿನಿಂದ ನಮಸ್ಕಾರ.

ನಿನ್ನೆ ಮಗಳು ಶರಣ್ಯಾ ಇಲ್ಲಿಯ ವಿಸ್ಕಿ ಭಟ್ಟಿಗೆ ಕರೆದೊಯ್ದಳು. ಬಾರ್ಲಿಯದು, ಮೆಕ್ಕೆಜೋಳದ್ದು, ಎರಡೂ ಬೆರೆಸಿದ್ದು ಎಂದು ಮೂರು ಗ್ಲಾಸು ಇಟ್ಟರು, ಒಂದೊಂದರಲ್ಲೂ ತೀರ್ಥದಷ್ಟು. ಒಂದೇ ಗುಟುಕಿಗೆ ಎತ್ತಿದೆ.

"ಇದ್ ಕುಡಿಯುಕಲ್ಲ ಅಪ್ಪಯ್ಯ, ರುಚಿ ಕಾಂಬುಕೆ!" ಎಂದು ಕೈ ಹಿಡಿದಳು.

ಉಳಿದವರಿಗೆ ಒಂದರಲ್ಲಿ ಜೇನು, ಇನ್ನೊಂದರಲ್ಲಿ ಕಾಳುಮೆಣಸು ಸಿಕ್ಕಿತಂತೆ. ನನಗೆ ಮೂರರಲ್ಲೂ ವಿಸ್ಕಿಯೇ ಸಿಕ್ಕಿತು.

ಪೀಪಾಯಿಯಲ್ಲಿಟ್ಟದ್ದು ವರ್ಷವರ್ಷವೂ ತಾನಾಗಿ ಆವಿಯಾಗಿ ಇಳಿಯುತ್ತದೆ, ಅದು ದೇವದೂತರ ಪಾಲು ಎಂದು ಗೈಡಮ್ಮ ಭಕ್ತಿಯಿಂದ ಹೇಳಿದಳು. ನಮ್ಮ ಮರವಂತೆ ಮನೆಯಲ್ಲಿ ದೈವಕ್ಕೆಂದು ಎತ್ತಿಟ್ಟ ಬಾಟ್ಲಿ ಅರ್ಧವಾದದ್ದು ಹೇಗೆಂದು ಈಗ ತಿಳಿಯಿತು. ಅವತ್ತು ಸುಮ್ಮನೆ ನಿಮ್ಮ ಬಾಯಿ ಮೂಸಿದೆ.

ಶೀತ ಬಿಟ್ಟರೆ ಆರೋಗ್ಯ. ದೈವಕ್ಕೊಂದು ಬಾಟ್ಲಿ ತರುತ್ತಿದ್ದೇನೆ, ಜೊತೆಗೊಂದು ಬೀಗವನ್ನೂ. ದೇವದೂತರಿಗೆ ನೀವೇ ತಿಳಿಸಿಬಿಡಿ.

ಪ್ರೇಮಾನಂದ