ಬಸ್ಸು ನಿಲ್ಲದ ತಂಗುದಾಣಕ್ಕೆ ಮಲ್ಲಣ್ಣನವರ ಹೆಸರು

ಸಾರಿಗೆ ವಿಭಾಗದ ಮುಖ್ಯ ಅಧಿಕಾರಿಗಳಿಗೆ,

ಮಾನ್ಯರೇ, ಕರಿಬಾವಿ ಕ್ರಾಸಿನಲ್ಲಿ ತಾವು ಕಳೆದ ತಿಂಗಳು ರಿಬ್ಬನ್ ಕತ್ತರಿಸಿ ಉದ್ಘಾಟಿಸಿದ ತಂಗುದಾಣದಲ್ಲಿ ಬಸ್ಸು ನಿಲ್ಲುವುದಿಲ್ಲ. ಈ ಸಂಗತಿ ತಮ್ಮ ಗಮನಕ್ಕೆ ಬಂದಿರಲಾರದು, ಏಕೆಂದರೆ ಅಂದು ತಾವು ಬಂದದ್ದು ಜೀಪಿನಲ್ಲಿ. ಗ್ರಾನೈಟ್ ಕಲ್ಲಿನ ಮೇಲೆ ‘ಶಿಕ್ಷಣಪ್ರೇಮಿ ದಿವಂಗತ ಮಲ್ಲಣ್ಣನವರ ಸ್ಮರಣಾರ್ಥ’ ಎಂದು ಕೆತ್ತಿಸಿದ್ದೀರಿ, ಅದರ ಕೆಳಗೆ ತಮ್ಮ ಹುದ್ದೆಯನ್ನು ಇನ್ನೂ ದೊಡ್ಡ ಅಕ್ಷರಗಳಲ್ಲಿ ಕೆತ್ತಿಸಿದ್ದೀರಿ. ಬೆಳಿಗ್ಗೆ ಏಳೂ ನಲವತ್ತಕ್ಕೆ ಆಳಂದದ ಬಸ್ಸು ಆ ಕಲ್ಲಿನ ಮುಂದೆ ಧೂಳೆಬ್ಬಿಸಿ ಹೋಗುತ್ತದೆ. ತಂಗುದಾಣದ ಒಳಗೆ ಹದಿನಾಲ್ಕು ಹೈಸ್ಕೂಲು ಹುಡುಗಿಯರು ಪಾಟಿಚೀಲ ಹಿಡಿದು ನಿಂತಿರುತ್ತಾರೆ.

ಮಲ್ಲಣ್ಣನವರ ಬಗ್ಗೆ ತಾವು ಅಂದು ಇಪ್ಪತ್ತು ನಿಮಿಷ ಮಾತನಾಡಿದಿರಿ. ‘ನಿಸ್ವಾರ್ಥ ಸೇವೆ’ ಎಂಬ ಮಾತು ಆರು ಸಲ ಬಂತು. ಅವರು ಮಾಡಿದ ಸೇವೆ ಯಾವುದು ಎಂಬುದು ಒಮ್ಮೆಯೂ ಬರಲಿಲ್ಲ. ತಮಗೆ ಯಾರೂ ಬರೆದುಕೊಟ್ಟಿರಲಿಲ್ಲವೆಂದು ಕಾಣುತ್ತದೆ, ನಾನು ಬರೆಯುತ್ತೇನೆ. ಆ ದಾರಿಯ ಬಸ್ಸಿನಲ್ಲಿ ಹದಿನಾರು ವರ್ಷ ಕಂಡಕ್ಟರಾಗಿದ್ದವನು ನಾನು.

ಮಲ್ಲಣ್ಣ ಓದಿದ್ದು ಮೂರನೆಯ ಇಯತ್ತೆ. ಎರಡು ಸಲ ಪಂಚಾಯಿತಿ ಮೆಂಬರಾಗಿದ್ದರು. ಊರಿನ ಶಾಲೆಗೆ ಎರಡು ಕೋಣೆ ಕಡಿಮೆ ಬಿದ್ದಾಗ ತಮ್ಮ ಹೊಲದ ಮೂಲೆಯನ್ನೇ ಬಿಟ್ಟುಕೊಟ್ಟರು. ಆದರೆ ಕರಿಬಾವಿಯ ಶಾಲೆ ಏಳನೆಯದಕ್ಕೆ ಮುಗಿಯುತ್ತಿತ್ತು, ಅಲ್ಲಿಗೆ ಹೆಣ್ಣುಮಕ್ಕಳ ಓದೂ ಮುಗಿಯುತ್ತಿತ್ತು. ಹೈಸ್ಕೂಲು ಇದ್ದದ್ದು ಆಳಂದದಲ್ಲಿ. ಬಸ್ಸು ಊರಿನ ಮುಂದೆಯೇ ಹೋಗುತ್ತಿತ್ತು, ನಿಲ್ಲುತ್ತಿರಲಿಲ್ಲ. ಒಂದು ಬೆಳಿಗ್ಗೆ ಈ ಮನುಷ್ಯ ತಲೆಯ ರುಮಾಲು ಬಿಚ್ಚಿ ರಸ್ತೆಗೆ ಅಡ್ಡಲಾಗಿ ಹಾಸಿ ಪಕ್ಕದಲ್ಲಿ ಬೋಳುತಲೆಯಲ್ಲಿ ನಿಂತರು. ಹಿರಿಯರ ರುಮಾಲಿನ ಮೇಲೆ ಗಾಲಿ ಹತ್ತಿಸುವ ಡ್ರೈವರು ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಬಸ್ಸು ನಿಂತಿತು. ಮೂವರು ಹುಡುಗಿಯರು ಹತ್ತಿದರು. ಮರುದಿನವೂ ರುಮಾಲು ಹಾಸಿತ್ತು. ಹೀಗೆ ಇಪ್ಪತ್ತೆರಡು ವರ್ಷ, ಶಾಲೆಯಿದ್ದ ಒಂದು ದಿನವೂ ತಪ್ಪಲಿಲ್ಲ.

ನಾನೇನು ಅವರ ಭಕ್ತನಾಗಿರಲಿಲ್ಲ. ದಿನಾ ಬೈಯುತ್ತಿದ್ದೆ. “ಏನ್ರೀ ಮುತ್ಯಾ, ಬಸ್ ನಿಮ್ಮ ಮಾವನ ಮನಿದೇನ್ರಿ?” ಅಂದರೆ, “ಸಿಟ್ಟಾಗಬ್ಯಾಡ್ರಿ ಸಾಹೇಬ್ರ, ಒಂದ್ ಹುಡುಗಿ ಹೆರಳ ಹಾಕ್ಕೊಳಾಕತ್ಯಾಳ, ಈಗ ಬರ್ತಾಳ” ಅನ್ನುತ್ತಿದ್ದರು. ಕೊನೆಯ ಹುಡುಗಿ ಹತ್ತಿದ ಮೇಲೆ ರುಮಾಲು ಎತ್ತಿ, ಧೂಳು ಕೊಡವಿ, ಸುತ್ತಿಕೊಂಡು “ನಡೀರಿ” ಎಂದು ಅಪ್ಪಣೆ ಕೊಡುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಅವರು ಹೋದದ್ದು ಶ್ರಾವಣದಲ್ಲಿ. ಮುಂದಿನ ತಿಂಗಳೇ ತಾವು ಆ ಬಸ್ಸನ್ನು ವೇಗದ ಬಸ್ಸು ಮಾಡಿದಿರಿ. ಆಳಂದವನ್ನು ಹತ್ತು ನಿಮಿಷ ಮೊದಲೇ ಮುಟ್ಟಿ ಯಾರು ಯಾವ ರಾಜ್ಯ ಗೆದ್ದರೋ ತಿಳಿಯದು. ಹುಡುಗಿಯರು ಮಲ್ಲಣ್ಣನವರ ಹೆಂಡತಿ ಸುಭದ್ರಾಬಾಯಿಯವರ ಹತ್ತಿರ ಹೋಗಿ ಅದೇ ರುಮಾಲು ಕೇಳಿ ತಂದು ರಸ್ತೆಗೆ ಹಾಸಿದರು. ಡ್ರೈವರು ಬಸ್ಸನ್ನು ಪಕ್ಕದ ಮಣ್ಣಿಗಿಳಿಸಿ, ರುಮಾಲಿಗೆ ಗಾಲಿ ತಾಗದಂತೆ ದಾಟಿಸಿಕೊಂಡು ಹೋದ. ನಿಲ್ಲಿಸಿದರೆ ತಮ್ಮಿಂದ ನೋಟಿಸು ಬರುತ್ತದೆಂದು ಅವನಿಗೆ ಭಯ. ಬಟ್ಟೆಯ ತುಂಡಿಗೆ ಅವನು ತೋರಿಸಿದಷ್ಟು ಮರ್ಯಾದೆಯನ್ನು ತಾವು ಆ ಮಕ್ಕಳಿಗೆ ತೋರಿಸಬಾರದಿತ್ತೇ?

ಊರವರು ಅರ್ಜಿ ಕೊಟ್ಟರು. ಕಳೆದ ವಾರ ತಮ್ಮ ಹಿಂಬರಹ ಬಂತು: ‘ದಾಖಲೆಗಳನ್ನು ಪರಿಶೀಲಿಸಲಾಗಿ, ಸದರಿ ಗ್ರಾಮದಿಂದ ಈವರೆಗೆ ಯಾವುದೇ ಪ್ರಯಾಣಿಕರು ಬಸ್ಸು ಹತ್ತಿರುವುದು ಕಂಡುಬಂದಿರುವುದಿಲ್ಲ. ಆದ್ದರಿಂದ ನಿಲುಗಡೆ ಮಂಜೂರು ಮಾಡಲು ಅವಕಾಶವಿರುವುದಿಲ್ಲ.’ ಭಲೇ! ಒಬ್ಬ ಪ್ರಯಾಣಿಕನೂ ಇಲ್ಲದ ಊರಿಗೆ ತಂಗುದಾಣ ಕಟ್ಟಿಸಿದ ಉದಾರಿಗಳು ಈ ರಾಜ್ಯದಲ್ಲಿ ಬೇರೆ ಯಾರಿದ್ದಾರೆ? ಅದರಲ್ಲಿ ಕೂರುವವರು ಯಾರು, ಆಡುಗಳೇ? ಹೌದು, ಸದ್ಯಕ್ಕೆ ಅವೇ ಕೂರುತ್ತಿವೆ.

ಆದರೆ ಆ ದಾಖಲೆ ಹಾಗಾದದ್ದು ನನ್ನಿಂದ, ಇದನ್ನೂ ಹೇಳಿಬಿಡುತ್ತೇನೆ. ಕರಿಬಾವಿ ನಿಲುಗಡೆಯ ಪಟ್ಟಿಯಲ್ಲಿ ಇರಲಿಲ್ಲ. ಪಟ್ಟಿಯಲ್ಲಿಲ್ಲದ ಕಡೆ ಬಸ್ಸು ನಿಲ್ಲಿಸಿದ್ದು ಗೊತ್ತಾದರೆ ಡ್ರೈವರಿಗೂ ನನಗೂ ಕಷ್ಟ. ಅದಕ್ಕೆ ಕರಿಬಾವಿಯ ಹುಡುಗಿಯರ ಪಾಸುಗಳನ್ನೆಲ್ಲ ಹಿಂದಿನ ಊರಿನ ಲೆಕ್ಕದಲ್ಲಿ ಬರೆದೆ. ಹದಿನಾರು ವರ್ಷ ಬರೆದೆ. ನನ್ನ ಹಿಂದಿನವರೂ ಮುಂದಿನವರೂ ಹಾಗೆಯೇ ಬರೆದರು. ಬಸ್ಸು ನಿಲ್ಲುತ್ತಿದೆಯಲ್ಲ, ಕಾಗದ ಯಾಕೆ ಎಂದುಕೊಂಡು ಮಲ್ಲಣ್ಣನವರೂ ನಿಲುಗಡೆಯ ಮಂಜೂರಾತಿ ಕೇಳಲಿಲ್ಲ. ಅವರು ಬದುಕಿರುವ ತನಕ ಕಾಗದ ಬೇಕಾಗಲೂ ಇಲ್ಲ. ತಪ್ಪು ನನ್ನದು. ವಿಚಾರಣೆ ನಡೆಸಿ, ಕರೆದ ದಿನ ಬರುತ್ತೇನೆ.

ಆದರೆ ಅದರ ಶಿಕ್ಷೆ ಭುವನೇಶ್ವರಿಗೆ ಯಾಕೆ? ಬೀರಣ್ಣನವರ ಮಗಳು, ಹತ್ತನೆಯ ಇಯತ್ತೆ, ಮಾರ್ಚಿಗೆ ಪರೀಕ್ಷೆ. ಮೂರು ತಿಂಗಳು ಅಪ್ಪ ದಿನಾ ಮೋಟರ್ ಸೈಕಲ್ ಮೇಲೆ ಬಿಟ್ಟು ಬಂದ. ಈಗ ತೊಗರಿ ರಾಶಿ ಶುರುವಾಗಿದೆ, ಅವನಿಗೆ ಹೊಲ ಬಿಟ್ಟು ಬರಲು ಪುರುಸೊತ್ತಿಲ್ಲ. “ಈ ಸೋಮಾರ ತನಕ ನೋಡ್ತೇನಿ ಕಾಕಾ, ಆಮ್ಯಾಲ ಸಾಲಿ ಬಿಡಸ್ತೇನಿ. ನಾ ಏನ್ ಮಾಡ್ಲಿ ಹೇಳ್ರಿ?” ಎಂದು ಕೇಳಿದ. ಅಲ್ಲೇ ಕೂತಿದ್ದ ಸುಭದ್ರಾಬಾಯಿ, “ಕಲ್ಲಿನ ಮ್ಯಾಲ ಅವರ ಹೆಸರ ಬರಸ್ಯಾರ, ಛಲೋ ಆತ್ರಿ. ಹುಡುಗೂರು ಅದನ್ನ ಓದಕೋತ ಮನ್ಯಾಗ ಕುಂದರಬೇಕೇನ್ರಿ?” ಎಂದರು.

ಆದ್ದರಿಂದ ನನ್ನ ಆಗ್ರಹ ಒಂದೇ. ಕರಿಬಾವಿಯನ್ನು ನಿಲುಗಡೆಯ ಪಟ್ಟಿಗೆ ಸೇರಿಸಿ, ಸೋಮವಾರ ಬೆಳಿಗ್ಗೆ ಆ ಹದಿನಾಲ್ಕು ಹುಡುಗಿಯರು ಬಸ್ಸು ಹತ್ತುವಂತೆ ಮಾಡಿ. ಆಗದಿದ್ದರೆ ಆ ಹೆಸರನ್ನಾದರೂ ಅಳಿಸಿ, ಸತ್ತವರಿಗೆ ಅವಮಾನ ತಪ್ಪಲಿ.

ಸಾಕ್ಷಿ ಬೇಕೆಂದರೆ ದೂರ ಹೋಗಬೇಡಿ. ತಮ್ಮ ಆ ಹಿಂಬರಹವನ್ನು ಟೈಪು ಮಾಡಿದ ಹೆಣ್ಣುಮಗಳು ಕರಿಬಾವಿಯವಳೇ. ಮೂರು ವರ್ಷ ನನ್ನ ಬಸ್ಸಿನಲ್ಲಿ ಹೋಗಿ ಓದಿದವಳು. ಫೋನು ಮಾಡಿ ಅತ್ತಳು. ಇದನ್ನು ಪತ್ರದಲ್ಲಿ ಬರೆಯಲೇ ಎಂದು ಕೇಳಿದ್ದಕ್ಕೆ “ಬರೀರಿ ಕಾಕಾ. ಆ ಊರಾಗಿಂದ ಯಾರೂ ಬಸ್ ಹತ್ತಿಲ್ಲ ಅಂತ ನನ್ನ ಕೈಲೇ ಬರಸ್ಯಾರ” ಎಂದಳು.

ಇಂತಿ,
ಆ ಹುಡುಗಿಯರನ್ನು ಬಸ್ಸಿಗೆ ಹತ್ತಿಸಿಕೊಂಡು, ಕಾಗದದ ಮೇಲೆ ಕೆಳಗಿಳಿಸಿದ
ಕಲ್ಯಾಣಕುಮಾರ, ನಿವೃತ್ತ ಕಂಡಕ್ಟರ್, ನರೋಣಾ