ನನ್ನ ಸೀರೆ, ಯಾರದೋ ಮುಖ

ಆಲಮಟ್ಟಿ
ಭಾನುವಾರ, ೨ ಮಾರ್ಚ್ ೨೦೨೫

ಪ್ರೀತಿಯ ಶಿವೂ,

ಅಕ್ಕನ ಜೈ ಭೀಮ. ಹೋದ ಭಾನುವಾರ ನಿಮ್ಮ ಪೊಲೀಸ್ ತರಬೇತಿಯವರು ಸ್ವಲ್ಪ ಹೊತ್ತು ಫೋನು ಕೈಗೆ ಕೊಟ್ಟಾಗ ನೀನು ನನ್ನ ಆರೋಗ್ಯ ಕೇಳಲಿಲ್ಲ, ತಾಂಬಾದಲ್ಲಿ ಅವ್ವ ಹೇಗಿದ್ದಾಳೆ ಎಂದೂ ಕೇಳಲಿಲ್ಲ. "ಅಕ್ಕಾ, ಮುದ್ದೇಬಿಹಾಳದಾಗ ನಿನ್ನ ಫೋಟೋದ್ದು ಬ್ಯಾನರ್ ಹಚ್ಚಿದ್ರಂತ. ಭೀಮು ಹೇಳಿದ. ಖರೇನ?" ಎಂದೆ. ನಾನು ಹೌದು ಅನ್ನುವಷ್ಟರಲ್ಲಿ ಆ ಕಡೆ ಸೀಟಿ ಊದಿದರು, ನಿನ್ನ ಫೋನು ಹೋಯಿತು. ನಮ್ಮ ತಮ್ಮನ ಬಾಯಲ್ಲಿ ಯಾವ ಮಾತೂ ಸರಿಯಾಗಿ ಉಳಿಯುವುದಿಲ್ಲ, ನಿನಗೆ ಗೊತ್ತು. ಅದಕ್ಕೆ ನಾನೇ ಬರೆಯುತ್ತಿದ್ದೇನೆ. ಗಾಬರಿಯಾಗಬೇಡ. ಎಲ್ಲ ಸರಿಹೋಗಿದೆ. ಎಷ್ಟೋ ದಿನಗಳ ಮೇಲೆ ಇವತ್ತು ಎದೆ ಹಗುರಾಗಿ ಕೂತಿದ್ದೇನೆ.

ಇದಕ್ಕೆಲ್ಲ ನೀನೇ ಮೂಲ. ತರಬೇತಿಗೆ ಹೋಗುವ ಮುಂಚೆ ಇಲ್ಲಿಗೆ ಬಂದಿದ್ದಾಗ, "ದಿನಾ ಇಷ್ಟು ಚಂದ ಸೀರಿ ಉಟ್ಟು ಗೊಳಸಂಗಿ ಸಾಲಿಗೆ ಹೋಗ್ತಿ, ನಿನ್ನ ಹಂತ್ಯಾಕ ಒಂದ ಫೋಟೋನೂ ಇಲ್ಲಲ್ಲ" ಎಂದು ನನ್ನ ಫೋನಿನಲ್ಲಿ ಇನ್‌ಸ್ಟಾ ಪುಟ ತೆರೆದುಕೊಟ್ಟವಳು ನೀನು. ನೀನು ಹೋದ ಮೇಲೆ ನಾನು ತೆಗೆದ ಮೊದಲ ಫೋಟೋಗಳನ್ನು ನೋಡಿದ್ದರೆ ನೀನು ಬಿದ್ದು ಬಿದ್ದು ನಗುತ್ತಿದ್ದೆ. ಕಿಟಕಿಗೆ ಬೆನ್ನು ಮಾಡಿ ನಿಂತಿದ್ದೆ. ಬೆಳಕೆಲ್ಲ ಹಿಂದೆ, ನಾನು ಮುಂದೆ ಕರಿ ಕಂಬದ ಹಾಗೆ. ಟ್ಯೂಬ್‌ಲೈಟು ಹಚ್ಚಿದರೆ ಹಸಿರು ಸೀರೆ ನೀಲಿಯಾಯಿತು. ಫೋನನ್ನು ಗೋಡೆಯ ಗೂಡಿನಲ್ಲಿ ಎತ್ತರಕ್ಕಿಟ್ಟೆ, ತಲೆ ದೊಡ್ಡದಾಗಿ ಕಾಲು ಗಿಡ್ಡವಾದವು. ಬೇರೆಯವರ ಕೈಗೆ ಕೊಡೋಣವೆಂದರೆ, ನಮ್ಮ ಮನೆಯವರು, ಅದೇ ನಿನ್ನ ಮಾಮಾ, ಫೋಟೋ ತೆಗೆದರೆ ಅದರಲ್ಲಿ ಫ್ಯಾನು ಪೂರ್ತಿ ಇರುತ್ತದೆ, ಮನುಷ್ಯರು ಅರ್ಧ ಇರುತ್ತಾರೆ.

ಆಮೇಲೆ ತಾನಾಗಿಯೇ ಒಂದೊಂದು ತಿಳಿಯುತ್ತ ಹೋಯಿತು. ಮುಂಜಾನೆ ಸಾಲೆಯ ಬಸ್ಸಿಗೆ ಮೊದಲು ನಮ್ಮ ಕ್ವಾರ್ಟರ್ಸಿನ ಪಡಸಾಲೆಯ ಕಿಟಕಿಯಿಂದ ಹದವಾದ ಬೆಳಕು ಬರುತ್ತದೆ, ಬಿಸಿಲು ನೇರ ಬೀಳುವುದಿಲ್ಲ. ಆ ಬೆಳಕಿಗೆ ಮುಖ ಮಾಡಿ ನಿಲ್ಲಬೇಕು. ಎದುರಿಗೆ ಕುರ್ಚಿ, ಕುರ್ಚಿಯ ಮೇಲೆ ಜೋಳದ ಹಿಟ್ಟಿನ ಡಬ್ಬಿ, ಅದಕ್ಕೆ ಆನಿಸಿ ಫೋನು. ನಡುವಿನ ಎತ್ತರಕ್ಕೆ ಇದ್ದರೆ ಮೈ ಇದ್ದ ಹಾಗೇ ಬರುತ್ತದೆ. ಹಿಂದಿನ ಕ್ಯಾಮೆರಾವನ್ನು ಸೆರಗಿನಿಂದ ಒರೆಸಿ ಟೈಮರ್ ಹಾಕಿ ಓಡಿ ಬರುವುದು. ನಿಲ್ಲುವ ಜಾಗಕ್ಕೆ ಸಾಲೆಯ ಸೀಮೆಸುಣ್ಣದಿಂದ ಒಂದು ಗೆರೆ ಎಳೆದಿದ್ದೆ. ಭಾರವನ್ನು ಒಂದು ಕಾಲ ಮೇಲೆ ಬಿಟ್ಟು, ಉಸಿರು ಹೊರಗೆ ಹಾಕಿದರೆ ಹೆಗಲು ಸಡಿಲಾಗುತ್ತದೆ, ನಿರಿಗೆ ನೇರ ಬೀಳುತ್ತದೆ. ಗೋಡೆಯ ಕ್ಯಾಲೆಂಡರ್ ತೆಗೆದಿಡುತ್ತಿದ್ದೆ. ಆದರೆ ಗೋಡೆಯ ಮೇಲೆ ನಾನೇ ಮೆತ್ತಿದ ಸಿಮೆಂಟಿನ ತೇಪೆಯನ್ನು ಏನು ಮಾಡಲಿ? ಅದು ಪ್ರತಿ ಫೋಟೋದಲ್ಲೂ ನನ್ನ ಪಕ್ಕದಲ್ಲಿ ನಿಲ್ಲುತ್ತಿತ್ತು.

ಶಿವೂ, ನನ್ನ ಮದುವೆಗೆ ಮುಂಚೆ ಗಂಡಿನ ಕಡೆಯವರಿಗೆ ತೋರಿಸಲು ಸ್ಟುಡಿಯೋದವನು ತೆಗೆದ ಫೋಟೋ ನೆನಪಿದೆಯಲ್ಲ? ಹಿಟ್ಟು ಬಳಿದ ಹಾಗಿದ್ದೆ. ಅದನ್ನು ನೋಡಿ ಬಂದ ಮೊದಲ ಎರಡು ಮನೆಯವರು ನನ್ನನ್ನು ನೋಡಿ ಚಹಾ ಕುಡಿದು ಹೋದರು. ಈ ಕಿಟಕಿಯ ಬೆಳಕಿನಲ್ಲಿ ತೆಗೆದ ಫೋಟೋದಲ್ಲಿ ನಾನು ನನ್ನ ಬಣ್ಣದಲ್ಲೇ ಇದ್ದೆ. ನಿಜವಾಗಿಯೂ ಚೆನ್ನಾಗಿ ಕಾಣುತ್ತಿದ್ದೆ. ಹೀಗೆ ಬರೆಯಲು ನಾಚಿಕೆ, ಆದರೆ ನಿನ್ನ ಮುಂದೆ ಏನು ಮುಚ್ಚಿಡಲಿ?

ಮನೆಯಲ್ಲಿ ಮಾತ್ರ ಹೇಳಲಿಲ್ಲ. ಚಿಲಕ ಹಾಕಿಕೊಂಡು ತೆಗೆದು ಪುಟಕ್ಕೆ ಹಾಕುತ್ತಿದ್ದೆ. ನಿನ್ನ ಮಾಮಾ ಬೇಡ ಅನ್ನುತ್ತಿದ್ದರೋ ಇಲ್ಲವೋ ಗೊತ್ತಿಲ್ಲ, ಕೇಳಲಿಲ್ಲ. ಅತ್ತೆಯ ಹೆದರಿಕೆ ಇತ್ತು. ಸಾವಿತ್ರವ್ವ ಎಂದರೆ ಕಾಲೊನಿಯವರೆಲ್ಲ ದನಿ ತಗ್ಗಿಸುತ್ತಾರೆ. ವಯಸ್ಸಿನಲ್ಲಿದ್ದಾಗ ಇದೇ ಆಣೆಕಟ್ಟಿಗೆ ಕಲ್ಲು, ಗಾರೆ ಹೊತ್ತವರು. ಕನ್ನಡಿಯ ಮುಂದೆ ನಿಲ್ಲುವ ಹೆಂಗಸರನ್ನು ಕಂಡರೆ ಅವರಿಗೆ ಆಗುವುದಿಲ್ಲ ಎಂದು ನಾನೇ ಅಂದುಕೊಂಡಿದ್ದೆ.

ಎರಡು ವಾರದ ಹಿಂದಿನ ಭಾನುವಾರ ನಾವು ಮೂವರೂ ಮುದ್ದೇಬಿಹಾಳಕ್ಕೆ ಒಬ್ಬ ಬಸುರಿಯ ಕುಪ್ಪಸದ ಕಾರ್ಯಕ್ಕೆ ಹೋಗಿದ್ದೆವು. ಊಟ ಮುಗಿಸಿ ಬಸ್‌ಸ್ಟ್ಯಾಂಡಿಗೆ ಬರುವಾಗ, ಹೊಸದಾಗಿ ತೆರೆದ ಒಂದು ಸೀರೆ ಅಂಗಡಿಯ ನೆತ್ತಿಯ ಮೇಲೆ ದೊಡ್ಡ ಬ್ಯಾನರು. "ಮದುವೆ ಜವಳಿಗೆ ನಮ್ಮಲ್ಲಿಗೇ ಬನ್ನಿ" ಎಂದು ಬರೆದಿತ್ತು. ನನ್ನ ಕಣ್ಣು ಮೊದಲು ಸೀರೆಗೆ ಬಿತ್ತು. ಅವ್ವ ನನಗೆ ಕೊಟ್ಟ ದಾಳಿಂಬೆ ಬಣ್ಣದ ಇಳಕಲ್ ಸೀರೆ. ನನ್ನ ಖಣದ ಕುಪ್ಪಸ. ಸೆರಗು ಹಿಡಿದ ಕೈಯಲ್ಲಿ ನನ್ನ ಗಡಿಯಾರ. ಆದರೆ ಕುತ್ತಿಗೆಯ ಮೇಲೆ ಬೇರೆ ಯಾರದೋ ಮುಖ. ಹಾಲಿನ ಹಾಗೆ ಬೆಳ್ಳಗೆ, ಹಲ್ಲು ಬಿಟ್ಟು ನಗುವ ಮುಖ. ಕೈಗಳಿಗೂ ಬಿಳಿ ಬಳಿದಿದ್ದರು. ಪಾದಗಳನ್ನು ಮಾತ್ರ ಮರೆತಿದ್ದರು. ನಿರಿಗೆಯ ಕೆಳಗೆ ನನ್ನ ಎರಡು ಕರಿ ಪಾದಗಳು ಹಾಗೆಯೇ ಇದ್ದವು.

ನಿನ್ನ ಮಾಮಾ ಬಸ್ಸು ನೋಡುತ್ತ ಮುಂದೆ ಹೋಗಿದ್ದರು. ಅತ್ತೆ ಮಾತ್ರ ನಿಂತುಬಿಟ್ಟಿದ್ದರು, ತಲೆ ಮೇಲೆತ್ತಿ.

"ಪ್ರಜ್ಞಾ, ಅದು ನಮ್ಮನಿ ಗ್ವಾಡಿ ಅಲ್ಲೇನ? ಆ ತ್ಯಾಪಿ ನೋಡು."

"ಇಲ್ರಿ ಅತ್ತಿ, ಕ್ವಾರ್ಟರ್ಸ್ ಎಲ್ಲಾ ಒಂದ ನಮೂನಿ ಇರ್ತಾವ್ರಿ" ಎಂದು ಸುಳ್ಳು ಹೇಳಿದೆ. ಬಸ್ಸಿನಲ್ಲಿ ನಾನು ಕಿಟಕಿಯ ಕಡೆ ಮುಖ ಮಾಡಿ ಕೂತೆ. ಸಾಲೆಯವರು ನೋಡಿದರೆ ಏನನ್ನುತ್ತಾರೆ, ಇವರ ಕಾಲುವೆ ಆಫೀಸಿನವರು ಏನನ್ನುತ್ತಾರೆ, ಇನ್ನು ಎಲ್ಲೆಲ್ಲಿ ನನ್ನ ಮೈಗೆ ಯಾರ್‍ಯಾರ ಮುಖ ಹಚ್ಚಿದ್ದಾರೋ, ಇದೇ ಯೋಚನೆ.

ಮನೆಗೆ ಬಂದವರೇ ಅತ್ತೆ ಸೀದಾ ಪಡಸಾಲೆಯ ಗೋಡೆಗೆ ಹೋಗಿ ಆ ತೇಪೆಯ ಮೇಲೆ ಕೈಯಾಡಿಸಿದರು. "ಇದ ಗ್ವಾಡಿ. ಸುಳ್ಳ ಯಾಕ ಹೇಳಿದಿ?" ಎಂದರು. ಮುಗಿಯಿತು. ನಾನು ಅಳುತ್ತ ಎಲ್ಲ ಹೇಳಿ ಫೋನು ಅವರ ಕೈಗೆ ಕೊಟ್ಟೆ. ಅವರು ಅದನ್ನು ದೂರ ಹಿಡಿದು ಒಂದೊಂದೇ ಫೋಟೋ ನೋಡಿದರು. ನಿನ್ನ ಮಾಮಾ ಅವರ ಹೆಗಲ ಮೇಲಿಂದ ಇಣುಕಿ ನೋಡುತ್ತ ನಿಂತರು. ಬೈಗುಳಕ್ಕೆ ಕಾಯುತ್ತಿದ್ದೆ. ಅತ್ತೆ ಕೊನೆಗೆ ತಲೆ ಎತ್ತಿ ಕೇಳಿದ್ದು ಒಂದೇ ಮಾತು:

"ಎಲ್ಲಾ ಚಂದ ಅದಾವ. ಮತ್ತ ಅವರು ನಿನ್ನ ಮಾರಿ ಯಾಕ ತಗದ್ರು? ನಿನ್ನ ಮಾರಿಗೆ ಏನಾಗೇತಿ?"

ಅವರಿಗೂ ಉತ್ತರ ಗೊತ್ತಿತ್ತು. ಅವರೂ ನನ್ನ ಬಣ್ಣದವರೇ.

ನಿನ್ನ ಮಾಮಾ ಮಾತ್ರ, "ನನಗ್ಯಾಕ ಹೇಳಲಿಲ್ಲ?" ಎಂದು ಕೇಳಿ ಹೊರಗೆ ಹೋದರು. ಅವರಿಗೆ ಫೋಟೋದ ಸಿಟ್ಟಿರಲಿಲ್ಲ, ಚಿಲಕದ ನೋವಿತ್ತು. ಆ ವಾರವೆಲ್ಲ ನಮ್ಮಿಬ್ಬರ ನಡುವೆ ಊಟಕ್ಕೆ ಬನ್ನಿ, ಡಬ್ಬಿ ಕಟ್ಟಿದ್ದೇನೆ ಎಂಬಷ್ಟೇ ಮಾತು. ನಾನು ಪುಟದಲ್ಲಿದ್ದ ಎಲ್ಲ ಫೋಟೋಗಳನ್ನೂ ಅಳಿಸಿಹಾಕಿದೆ. ಕ್ಯಾಲೆಂಡರನ್ನು ಮತ್ತೆ ಮೊಳೆಗೆ ತೂಗುಹಾಕಿದೆ.

ಅತ್ತೆಯೂ ಸುಮ್ಮನಾದರು ಅಂದುಕೊಂಡಿದ್ದೆ. ಶನಿವಾರ ಅವರಿಗೆ ಇದ್ದಕ್ಕಿದ್ದಂತೆ ಏನಾಯಿತೋ, ನಾನು ಅರ್ಧ ದಿನದ ಸಾಲೆ ಮುಗಿಸಿ ಬರುವಷ್ಟರಲ್ಲಿ ಸೀರೆ ಉಟ್ಟು, ಮಗನನ್ನೂ ಆಫೀಸಿನಿಂದ ಕರೆಸಿಕೊಂಡು ಬಾಗಿಲಲ್ಲಿ ಕೂತಿದ್ದರು. "ನಡೀರಿ, ಮುದ್ದೇಬಿಹಾಳಕ್ಕ" ಎಂದರು. ನಾನು ಬೇಡವೆಂದು ಎಷ್ಟು ಹೇಳಿದರೂ ಕೇಳಲಿಲ್ಲ.

ಅಂಗಡಿಯ ಮಾಲೀಕ ದುಂಡೇಶ ಎಂಬುವನು. ಗಿರಾಕಿ ಎಂದುಕೊಂಡು ಗಾದಿಯ ಮೇಲೆ ಕೂಡಿಸಿ ನೀರು ತರಿಸಿದ. ಅತ್ತೆ ನೀರು ಮುಟ್ಟದೆ, "ಹೊರಗ ಹಚ್ಚೀಯಲ್ಲ, ಆಕಿ ನನ್ನ ಸೊಸಿ" ಎಂದರು. ಅವನು ನನ್ನ ಮುಖ ನೋಡಿದ, ಅರ್ಥವಾಗಲಿಲ್ಲ. ನನ್ನ ಪಾದ ನೋಡಿದನೋ ಏನೋ, ಆಮೇಲೆ ಮುಖ ಸಪ್ಪಗಾಯಿತು.

"ನೆಟ್ಟಿನ್ಯಾಗ ಸಿಕ್ಕಿದ್ದ್ರಿ ಅದು. ಯಾರೋ ಮಾಡೆಲ್ ಇರಬೇಕಂತ ಬ್ಯಾನರ್ ಮಾಡೋರು ಹಾಕ್ಯಾರ್ರಿ. ಸೀರಿ ಉಟ್ಟಿದ್ದು ಭಾಳ ಛಲೋ ಇತ್ತು. ಮಾರಿ ಅಷ್ಟ... ತಪ್ಪ ತಿಳೀಬ್ಯಾಡ್ರಿ, ಗಿರಾಕಿ ನಿಂತ ನೋಡ್ಬೇಕಂದ್ರ ಸ್ವಲ್ಪ ಬೆಳ್ಳಗ ಇರಬೇಕ್ರಿ."

ಅಂಗಡಿ ತುಂಬ ಮದುವೆ ಜವಳಿಗೆ ಬಂದ ಹೆಂಗಸರು. ಅತ್ತೆ ಅವರ ಕಡೆ ಕೈ ತೋರಿಸಿ, "ಇಲ್ಲಿ ಸೀರಿ ತಗೊಳಾಕ ಬಂದಾರಲ್ಲ, ಇವರ್‍ಯಾಗ ಯಾರ ಮಾರಿ ಹಂಗ ಐತೋ ತಮ್ಮಾ?" ಎಂದು ಕೇಳಿದರು. ಮೊದಲು ಒಬ್ಬಳು ನಕ್ಕಳು, ಆಮೇಲೆ ಎಲ್ಲರೂ. ಹಸಿರು ಬಳೆಯ ಒಬ್ಬ ಮುದುಕಿ ಬಿಚ್ಚಿಸಿದ್ದ ಸೀರೆಯನ್ನು ಹಾಗೇ ಬಿಟ್ಟು, "ಖರೇ ಕೇಳಿದಿ ಯವ್ವಾ" ಎಂದಳು.

ಆಗ ನನ್ನ ಬಾಯಿಗೆ ಎಲ್ಲಿಂದ ಬಲ ಬಂತೋ. "ಸೀರಿ ನಮ್ಮವ್ವಂದು. ಉಟ್ಟಾಕಿ ನಾನು. ಫೋಟೋ ತಗದಾಕೀನೂ ನಾನ. ಯಾರನ್ನ ಕೇಳಿ ಹಚ್ಚಿದ್ರಿ? ತಗೀರಿ ಅದನ್ನ" ಎಂದೆ. ತರಗತಿಯಲ್ಲಿ ಹಿಂದಿನ ಬೆಂಚಿಗೆ ಕೇಳಿಸುವ ನನ್ನ ದನಿ ಇದೆಯಲ್ಲ, ಅದೇ ದನಿ. ಅವನು ಗಾಬರಿಯಾಗಿ ಒಂದು ರೇಷ್ಮೆ ಸೀರೆ ಮುಂದಿಟ್ಟು, ತಗೊಂಡು ಹೋಗ್ರಿ, ಇಷ್ಟಕ್ಕ ಮುಗಸ್ರಿ ಎಂದ. ಬೇಡವೆಂದೆ. ಹಾಗಾದರೆ ಬ್ಯಾನರಿನವರು ಸೋಮವಾರ ಬಂದು ಇಳಿಸುತ್ತಾರೆ, ಏಣಿ ಹತ್ತುವವರು ಈಗ ಯಾರೂ ಇಲ್ಲ ಎಂದ.

"ಏಣಿ ಎಲ್ಲೈತಿ?"

ನಿನ್ನ ಮಾಮಾ. ವಾರದಿಂದ ಬಾಯಿ ಬಿಗಿದಿದ್ದ ಮನುಷ್ಯ. ಉತ್ತರಕ್ಕೂ ಕಾಯದೆ ಅಂಗಡಿಯ ಹಿಂದಿನಿಂದ ಏಣಿ ತಂದು, ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ಹತ್ತಿ, ಒಂದೊಂದೇ ಹಗ್ಗ ಬಿಚ್ಚಿದರು. ಕೊನೆಯ ಹಗ್ಗ ಬಿಚ್ಚಿದ್ದೇ ತಡ, ಆ ಬೆಳ್ಳನೆಯ ಮುಖ ಕೆಳಗಿದ್ದ ಬಾಳೆಹಣ್ಣಿನ ಗಾಡಿಯ ಮೇಲೆ ದಬಕ್ಕನೆ ಬಿತ್ತು. ಗಾಡಿಯವರು ಇವರ ಗುರುತಿನ ಮಲಿಕಸಾಬರು, "ಸುಭಾಸಣ್ಣಾ, ನನ್ನ ಮ್ಯಾಲ್ಯಾಕ್ರಿ ಸಿಟ್ಟು!" ಎಂದು ಕೂಗಿದರು. ಬಸ್‌ಸ್ಟ್ಯಾಂಡಿನ ಜನವೆಲ್ಲ ನಗುತ್ತಿತ್ತು, ನಾನೂ ನಗುತ್ತಿದ್ದೆ, ಕಣ್ಣಲ್ಲಿ ನೀರು ಬೇರೆ. ಇವರು ಇಳಿದು ಬಂದು ಬ್ಯಾನರನ್ನು ಮಡಚಿ ನನ್ನ ಕೈಗೆ ಕೊಟ್ಟರು. "ಹಿಡಿ. ಇನ್ನ ಮ್ಯಾಲೆ ಬಾಗಲಾ ಹಾಕ್ಕೋಬ್ಯಾಡ" ಎಂದರು. ಅಷ್ಟೇ. ನನಗೆ ಅಷ್ಟು ಸಾಕಾಯಿತು.

ಬರುವಾಗ ಬಸ್ಸಿನಲ್ಲಿ ಅವರ ಹೆಗಲಿಗೆ ಒರಗಿ ನಿದ್ದೆ ಮಾಡಿಬಿಟ್ಟೆ. ಅತ್ತೆ ಎದುರಿಗೇ ಕೂತಿದ್ದರೂ.

ಸಾಲೆಯ ಹೆದರಿಕೆ ಒಂದು ಉಳಿದಿತ್ತು. ಸೋಮವಾರ ನಾನೇ ಧೈರ್ಯ ಮಾಡಿ ನನ್ನ ಜೊತೆ ಗಣಿತ ಕಲಿಸುವ ಮುಬೀನಾಗೆ ಎಲ್ಲ ಹೇಳಿದೆ. ಅವಳು ಕಣ್ಣರಳಿಸಿ, "ಅಯ್ಯ, ನಾವೆಲ್ಲಾ ಎಂದಿನಿಂದ ನೋಡಾಕತ್ತೀವಿ. ಫೋಟೋ ಯಾಕ ಅಳಿಸಿದಿ, ಹೆಡ್ ಮಾಸ್ತರ ಮನಿಯವರು ನಿನ್ನ ನೋಡೇ ಸೆರಗ ಮಡಚೋದ ಕಲ್ತಾರ" ಎಂದಳು. ನಾನು ಇಷ್ಟು ದಿನ ಯಾರಿಗೆ ಹೆದರಿದೆ ಎಂದು ನನಗೇ ತಿಳಿಯಲಿಲ್ಲ.

ಬ್ಯಾನರು ಗಟ್ಟಿಯಾಗಿದೆ. ಅತ್ತೆ ಅದನ್ನು ಮಾಳಿಗೆಯ ಮೇಲೆ ಹಾಸಿ ಕೆಂಪು ಮೆಣಸಿನಕಾಯಿ ಒಣಗಿಸಿದ್ದಾರೆ.

ನಿನ್ನೆ ಮುಂಜಾನೆ ಬಾಗಿಲು ತೆರೆದೇ ಇಟ್ಟು ಫೋಟೋ ತೆಗೆದುಕೊಂಡೆ. ಅದರ ಒಂದು ಪ್ರತಿ ಇದರ ಜೊತೆ ಇಟ್ಟಿದ್ದೇನೆ, ನಿನ್ನ ಟ್ರಂಕಿನ ಮುಚ್ಚಳಕ್ಕೆ ಅಂಟಿಸಿಕೋ. ನೀನು ರಜೆಗೆ ಬಂದಾಗ ಖಾಕಿ ತೊಟ್ಟು ನಮ್ಮ ಕಿಟಕಿಯ ಮುಂದೆ ನಿಲ್ಲಬೇಕು. ಟೊಪ್ಪಿಗೆಯ ನೆರಳು ಕಣ್ಣಿನ ಮೇಲೆ ಬೀಳದ ಹಾಗೆ ಗದ್ದ ಸ್ವಲ್ಪ ಎತ್ತಬೇಕು, ಬೂಟು ಪೂರ್ತಿ ಕಾಣಬೇಕು. ಉಳಿದದ್ದು ನನಗೆ ಬಿಡು. ಓಟದಲ್ಲಿ ಹಿಂದೆ ಬೀಳುತ್ತೇನೆ ಎಂದು ಚಿಂತೆ ಮಾಡಬೇಡ, ಹೊಟ್ಟೆ ತುಂಬ ಊಟ ಮಾಡು. ಅವ್ವನಿಗೆ ಎಲ್ಲ ಹೇಳಿದ್ದೇನೆ. ತನ್ನ ಸೀರೆ ಬ್ಯಾನರಿನ ಮೇಲೆ ಏರಿತ್ತಲ್ಲ ಎಂದು ಒಳಗೊಳಗೇ ಖುಷಿ ಅವಳಿಗೆ.

ನಿನ್ನ ಖಾಕಿ ನೋಡಲು ಕಾದಿರುವ
ಅಕ್ಕ,
ಪ್ರಜ್ಞಾ

ತಾ.ಕ.: ಅವ್ವನಿಗೆ ಎಲ್ಲ ಹೇಳಿದ್ದೇನೆ ಎಂದು ಬರೆದೆ, ಒಂದನ್ನು ಬಿಟ್ಟು. ನಿನಗಾದರೂ ಹೇಳುತ್ತೇನೆ. ಆ ಬ್ಯಾನರು ನೋಡಿದ ಮರುದಿನ ಸಾಲೆಯಿಂದ ಬರುವಾಗ ನಾನು ಬೆಳ್ಳಗಾಗುವ ಕ್ರೀಮು ಕೊಂಡು ತಂದೆ. ವಾರವೆಲ್ಲ ಹಚ್ಚಿಕೊಂಡೆ. ಗಲ್ಲ ಉರಿದು ಸಿಪ್ಪೆ ಏಳತೊಡಗಿತು, ಬಿಸಿಲಿಗೆ ಹೀಗಾಗಿದೆ ಎಂದು ಎಲ್ಲರಿಗೂ ಹೇಳಿದೆ. ಶುಕ್ರವಾರ ಸಂಜೆ ಬಚ್ಚಲಿನಲ್ಲಿ ಆ ಟ್ಯೂಬು ಅತ್ತೆಯ ಕೈಗೆ ಸಿಕ್ಕಿತು. ಅವರು ಅದನ್ನು ಹಿಂಡಿ ಮೋರಿಗೆ ಬಿಟ್ಟು, ನನ್ನನ್ನು ಕೂಡಿಸಿಕೊಂಡು ಗಲ್ಲಕ್ಕೆ ಕೊಬ್ಬರಿ ಎಣ್ಣೆ ಸವರಿದರು. ಮರುದಿನ ಮುದ್ದೇಬಿಹಾಳಕ್ಕೆ ಹೊರಟರು. ಫೋಟೋದಲ್ಲಿ ನನ್ನ ಎಡಗಲ್ಲ ನೋಡು, ಸಣ್ಣದೊಂದು ಕಲೆ ಇನ್ನೂ ಇದೆ. ಫೋನಿನಲ್ಲಿ ಬೆರಳು ಒತ್ತಿದ್ದರೆ ಅಳಿಸಿಹೋಗುತ್ತಿತ್ತು. ನಾನು ಒತ್ತಲಿಲ್ಲ.