ರ‍್ಯಾಂಪಿನ ಅಗಲ

ಮಂಗಳವಾರ, ಜುಲೈ 8

ಆ ರ‍್ಯಾಂಪ್ ಯಾಕೆ ಅಷ್ಟು ಅಗಲ? ಊಟ ಮಾಡುವಾಗಲೂ ಅದೇ ತಲೆಯಲ್ಲಿ. ನಾನು ನೋಡಿಕೊಳ್ಳುವ ಹಿರಿಯರ ಕೇಂದ್ರಕ್ಕೆ ನಾನು ಕೇಳಿದ್ದು ಒಂದು ವೀಲ್‌ಚೇರ್ ಹತ್ತುವಷ್ಟು ಜಾಗ, ಹಿಡಿದುಕೊಳ್ಳಲು ಎರಡೂ ಬದಿ ಕಂಬಿ, ಕಾಲು ಜಾರದ ಬಚ್ಚಲು. ನಕ್ಷೆಯಲ್ಲಿ ಬಂದಿರುವುದು ಆಟೋ ಹತ್ತುವಷ್ಟು. ಮುಂಬಾಗಿಲನ್ನೂ ಒಡೆದು ದೊಡ್ಡದು ಮಾಡುತ್ತಾರಂತೆ.

ಕೇಂದ್ರದ ಸಮಿತಿಯ ಅಧ್ಯಕ್ಷ ಕೋದಂಡಪ್ಪನಿಗೆ ಬಂಗಾರಪೇಟೆಯಲ್ಲಿ ಶಾಮಿಯಾನದ ಅಂಗಡಿ ಇದೆ. ಮುದುಕರ ಹೆಸರಲ್ಲಿ ಕಟ್ಟಿಸಿ, ಭಾನುವಾರ ಮದುವೆಗೆ ಬಾಡಿಗೆ ಕೊಡುವ ಹುನ್ನಾರ, ಬೇರೇನು? ನನಗೆ ಗೊತ್ತಾಗುವುದಿಲ್ಲ ಅಂದುಕೊಂಡಿದ್ದಾನೆ.

ಇವತ್ತು ಟೀ ಹೊತ್ತಿನಲ್ಲಿ ಎಲ್ಲರೆದುರೇ ಕೋದಂಡಪ್ಪನನ್ನು ಕೇಳಿಬಿಟ್ಟೆ. ಉತ್ತರ ಕೊಟ್ಟದ್ದು ಸೆಲ್ವರಾಜ್, ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯಲ್ಲಿ ದುಡಿದು ಈಗ ಕೋಲು ಹಿಡಿದು ಬರುವವರು.

“ಅವರನ್ನ ಯಾಕ್ ಕೇಳ್ತೀಯಮ್ಮಾ, ನಾವೇ ಕೇಳ್ಕೊಂಡಿದ್ದು. ನಮ್ ಗಣಿ ಲೈನ್ ಮನೇಲಿ ಎಣ ಮಲಗಿಸಿದ್ರೆ ನೋಡೋಕ್ ಬಂದೋರಿಗೆ ನಿಲ್ಲೋಕೂ ಜಾಗ ಇಲ್ಲ. ನಾವು ಸತ್‌ಮೇಲೆ ಇಲ್ಲೇ ಮಲಗಿಸ್ಲಿ. ನಾಲ್ಕು ಜನ ಎಗಲು ಕೊಟ್ಟು ಇಳಿಯೋವಷ್ಟು ಅಗಲ ಬೇಕಲ್ಲಮ್ಮಾ.”

ಉಳಿದವರು ತಲೆಯಾಡಿಸಿ ಟೀ ಕುಡಿದರು. ಅಮ್ಮಾಜಮ್ಮ ಇನ್ನೊಂದು ಬಿಸ್ಕತ್ತು ಕೇಳಿದರು.

ಅನುಮಾನ ಪೂರ್ತಿ ಹೋಗಿಲ್ಲ. ಸಾವಿನ ಮನೆಗೂ ಶಾಮಿಯಾನ ಹಾಕುವವನು ಆ ಕೋದಂಡಪ್ಪನೇ. ಆದರೆ ಈಗ ಕೊರೆಯುತ್ತಿರುವುದು ಬೇರೆ. ನಾನು ಹಟ ಹಿಡಿದು ನಕ್ಷೆಗೆ ಸೇರಿಸಿದ ಕಂಬಿ ಇದೆಯಲ್ಲ, ಹೆಣ ಹೊರುವವರಿಗೆ ಅದು ಅಡ್ಡ ಬರುವುದಿಲ್ಲವೇ? ನಾಳೆ ಸೆಲ್ವರಾಜರನ್ನೇ ಕೇಳಬೇಕು. ಹೇಗೆ ಕೇಳುವುದು, ಕಟ್ಟಿದ ಮೇಲೆ ಅವರು ಆ ಕಂಬಿಯನ್ನೇ ಹಿಡಿದುಕೊಂಡು ಹತ್ತಿ ಬರಬೇಕಾದವರು…